ಹಡಗಿನೆಣ್ಣೆ ಬಂದ ವರ್ಷ ನಮ್ಮ ಹಳ್ಳದ ಮೋರಿ

1982ರ ಮಾರ್ಚ್ 14, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಅವ್ವ ಕೊಟ್ಟಿಗೆಯಲ್ಲಿದ್ದಾಳೆ, ಅಪ್ಪ ತೋಟಕ್ಕೆ ನೀರು ಕಟ್ಟಲು ಹೋಗಿದ್ದಾರೆ. ಮುಂದೆ ಮೂರು ನೋಟ್‌ಬುಕ್ಕುಗಳಿವೆ. ಒಂದರಲ್ಲಿ ತಂಗಿ ಸ್ಕೂಲಿಗೆ ಹೋದ ದಿನ, ಹೋಗದ ದಿನ. ಇನ್ನೊಂದರಲ್ಲಿ ನಮ್ಮೂರಿಂದ ಮಾರುಕಟ್ಟೆಗೆ ಹೋದ ಗಾಡಿಗಳು. ಮೂರನೆಯದು ದಿನಚರಿ. ಇವನ್ನು ಬೇರೆ ಬೇರೆಯಾಗಿ ಬರೆದುಕೊಂಡು ಬಂದಿದ್ದೆ. ಮೂರೂ ಒಂದೇ ಸಂಗತಿಯನ್ನು ಹೇಳುತ್ತಿವೆ ಎಂದು ಗೊತ್ತಾಗಲು ನನಗೆ ಒಂದೂವರೆ ವರ್ಷ ಹಿಡಿಯಿತು.

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿ ಹೊನ್ನವಳ್ಳಿ ಕಡೆಗೆ. ಅರವತ್ತೆರಡು ಮನೆ. ಮನೆಗಿಷ್ಟು ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ. ಊರಿಗೂ ಬಸ್ಸಿನ ರಸ್ತೆಗೂ ನಡುವೆ ಒಂದು ಹಳ್ಳವಿದೆ. ವರ್ಷದಲ್ಲಿ ಒಂಬತ್ತು ತಿಂಗಳು ಅದು ಮರಳು, ಗಾಡಿ ಸಲೀಸಾಗಿ ಹೋಗುತ್ತದೆ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಮೇಲಿನ ಕೆರೆ ಕೋಡಿ ಬಿದ್ದಾಗ, ಜೋರು ಮಳೆ ಬಿದ್ದಾಗ ಸೊಂಟದವರೆಗೆ ನೀರು ಬರುತ್ತದೆ. ಹುಡುಗರು ಅಂಗಿ ಚಡ್ಡಿ ಬಿಚ್ಚಿ ತಲೆ ಮೇಲಿಟ್ಟುಕೊಂಡು ದಾಟುತ್ತಾರೆ. ನಾನೂ ಹಾಗೇ ದಾಟಿ ಹೈಸ್ಕೂಲು ಮುಗಿಸಿದೆ. ಹೆಣ್ಣುಮಕ್ಕಳಿಗೆ ಅದಾಗುವುದಿಲ್ಲ. ಅದಕ್ಕೇ ನಮ್ಮೂರಿನ ಹುಡುಗಿಯರು ಏಳನೇ ಕ್ಲಾಸಿಗೆ ನಿಲ್ಲುತ್ತಿದ್ದರು. ಹೈಸ್ಕೂಲಿಗೆ ಸೇರಿದವರು ನನ್ನ ತಂಗಿಯನ್ನು ಬಿಟ್ಟರೆ ಮೂವರು. ಆ ಮೂವರೂ ಒಂಬತ್ತು ಮುಗಿಸಲಿಲ್ಲ.

ತಂಗಿ 1979ರಲ್ಲಿ ಒಂಬತ್ತರಲ್ಲಿದ್ದಳು. ಆ ವರ್ಷ ಹಳ್ಳದ ನೀರಿಗಾಗಿ ಅವಳು ಕಳೆದುಕೊಂಡ ದಿನ ಇಪ್ಪತ್ತೇಳು. ನಾನೇ ಗೆರೆ ಹಾಕಿಟ್ಟಿದ್ದೇನೆ. ಹೇಗೋ ಪಾಸಾದಳು. ಮುಂದಿನ ಜೂನ್‌ನಲ್ಲಿ ಹತ್ತನೇ ಕ್ಲಾಸು ಶುರುವಾದ ಹತ್ತೇ ದಿನಕ್ಕೆ ವಿಷಮ ಜ್ವರ ಬಂದು ಮಲಗಿದಳು. ಎದ್ದು ಸ್ಕೂಲಿಗೆ ಹೋಗುವಷ್ಟರಲ್ಲಿ ಮೂವತ್ತನಾಲ್ಕು ದಿನ ಹೋಗಿತ್ತು. ನಾನು ಹೆಡ್‌ಮಾಸ್ಟರ ಹತ್ತಿರ ಹೋಗಿ ಕೇಳಿದೆ. ಅವರು ಬೆರಳು ಮಡಿಸಿ ಹೇಳಿದರು, ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ, ಆ ವರ್ಷದ ಸ್ಕೂಲು ದಿನಗಳಲ್ಲಿ ಒಟ್ಟು ಐವತ್ಮೂರು ತಪ್ಪಿಸಬಹುದು ಅಂತ. ಉಳಿದದ್ದು ಹತ್ತೊಂಬತ್ತು. ಹಳ್ಳ ಹಿಂದಿನ ವರ್ಷ ತೆಗೆದುಕೊಂಡದ್ದು ಇಪ್ಪತ್ತೇಳು. ಈ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಅಪ್ಪನಿಗೆ ತೋರಿಸಿದೆ. ಅಪ್ಪ ನೋಡಿದರು. "ಈ ವರ್ಸ ಕೂರಿಸ್ಲಿಲ್ಲ ಅಂದ್ರೆ ಮುಂದಿನ ವರ್ಸ ಕಳ್ಸೋದಿಲ್ಲ ಕಣಪ್ಪ. ಅವಳ ಸೋದರತ್ತೆ ಕಡೆಯೋರು ಆಗ್ಲೇ ಹೆಣ್ಣು ಕೇಳ್ತಾವ್ರೆ" ಎಂದರು. ಕೋಪದಿಂದ ಹೇಳಲಿಲ್ಲ. ಅದು ಅವರಿಗೆ ಕಂಡ ಲೆಕ್ಕ.

ಆದರೆ ಆ ವರ್ಷ ಒಂದು ಭರವಸೆಯಿತ್ತು. ನಮ್ಮೂರಿನವರೊಬ್ಬರು ಮಾರುಕಟ್ಟೆ ಸಮಿತಿಗೆ ಗೆದ್ದು ಮೆಂಬರಾಗಿದ್ದರು. ಅವರ ಮನೆ ನಮ್ಮ ಎದುರು ಬೀದಿಯಲ್ಲಿ, ಊರೆಲ್ಲ ಅವರನ್ನು ಮೆಂಬರಪ್ಪ ಎಂದೇ ಕರೆಯುತ್ತಿತ್ತು. ಕೊಬ್ಬರಿ ಹರಾಜಾದಾಗ ಮಾರುಕಟ್ಟೆ ಸಮಿತಿಗೆ ಫೀಸು ಬರುತ್ತದೆ. ಆ ಫೀಸಿನಲ್ಲಿ ಮಾಲು ಬರುವ ಹಳ್ಳಿಗಳಿಗೆ ದಾರಿ, ಮೋರಿ ಮಾಡಿಸುವ ಅಧಿಕಾರ ಸಮಿತಿಗಿದೆ. ಮೆಂಬರಪ್ಪ ಮೊದಲ ಮೀಟಿಂಗಿನಲ್ಲೇ ನಮ್ಮ ಹಳ್ಳಕ್ಕೆ ಮೋರಿ, ಅಂದರೆ ಗಾಡಿ ದಾಟುವಂಥ ಕಿರುಸೇತುವೆ, ಆಗಬೇಕೆಂದು ನಿರ್ಣಯ ಪಾಸು ಮಾಡಿಸಿದರು. ಯಾವ ಪೇಟೆಯ ಸಮಿತಿ ಎಂದು ನಾನು ಬರೆಯುವುದಿಲ್ಲ. ಅಲ್ಲಿ ಯಾರೂ ತಪ್ಪು ಮಾಡಲಿಲ್ಲ, ಆದರೂ ಹೆಸರು ಬರೆದರೆ ತಪ್ಪು ಮಾಡಿದವರ ಹಾಗೆ ಕಾಣುತ್ತಾರೆ.

ಇಲ್ಲಿ ನಮ್ಮ ಕೊಬ್ಬರಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುವುದಿಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಮನೆಯ ಅಟ್ಟಕ್ಕೆ ಹಾಕುತ್ತೇವೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಬಿಸಿ. ಅಲ್ಲಿ ಹತ್ತು ಹನ್ನೊಂದು ತಿಂಗಳು ಅದು ಸುಮ್ಮನೆ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಇಡೀ ಉಂಡೆಯಾಗಿ ನಿಲ್ಲುತ್ತದೆ. ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ಅದು ತಿನ್ನುವ ಕೊಬ್ಬರಿ, ಉತ್ತರದ ಊರುಗಳ ಮದುವೆಗೆ, ಹಬ್ಬಕ್ಕೆ ಹೋಗುತ್ತದೆ. ಸರಿಯಾಗಿ ಒಣಗದ್ದು, ಮುಗ್ಗು ಹಿಡಿದದ್ದು ಗಾಣಕ್ಕೆ ಹೋಗುತ್ತದೆ, ಎಣ್ಣೆ ಕೊಬ್ಬರಿ ಎಂದು. ಎರಡರ ದರಕ್ಕೂ ಬಹಳ ಅಂತರ. ಇದು ನಮ್ಮೂರಿನ ಆರು ವರ್ಷದ ಮಗುವಿಗೂ ಗೊತ್ತು. ಗೊತ್ತಿದ್ದೂ ನಾವು ಏನು ಮಾಡಿದೆವು ಎನ್ನುವುದೇ ಮುಂದಿನದು.

1980ರ ಮೇ ಕೊನೆಯ ವಾರ ರೇಶನ್ ಅಂಗಡಿಗೆ ಹೊಸ ಎಣ್ಣೆ ಬಂತು. ಪೀಪಾಯಿಯಲ್ಲಿ, ಕಾರ್ಡಿಗಿಷ್ಟು ಎಂದು. ನಾನು ಕಾರ್ಡು ಹಿಡಿದು, ಅವ್ವ ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಮುಂದೆ ನಿಂತಿದ್ದ ಮೇಲಿನ ಮನೆಯ ಅಜ್ಜಿ ಎಣ್ಣೆ ನೋಡಿ ಮೂಸಿದಳು.

"ಇದ್ಯಾವ ಎಣ್ಣೆಲಾ? ವಾಸ್ನೆನೇ ಇಲ್ಲ."

ಅಂಗಡಿಯವನು ಅಳತೆ ಮಾಡುತ್ತಲೇ, "ಹಡಗಲ್ಲಿ ಬಂದಿರೋದು ಕಣಜ್ಜಿ. ಮಲೇಶಿಯಾ ಅಂತ ದೇಸ. ಅಲ್ಲಿ ಈಚಲು ಮರದಂಗೆ ಒಂದು ಮರ ಐತಂತೆ, ಅದರ ಹಣ್ಣಿಂದು" ಎಂದ.

"ಈಚಲಲ್ಲಿ ಹೆಂಡ ಬತ್ತದೆ ಅಂತ ಕೇಳಿದ್ದೆ. ಎಣ್ಣೆನೂ ಬತ್ತದೇನು?"

"ಅಲ್ಲಿ ಬತ್ತದಂತೆ."

"ಕುಡುದ್ರೆ ಏನಾಯ್ತದೆ?"

"ಮನೇಗೆ ದಾರಿ ತಪ್ಪಲ್ಲ, ಅಷ್ಟೆ. ಡಬ್ಬ ಹಿಡಿ ಅತ್ಲಾಗೆ."

ಸಾಲಿನಲ್ಲಿದ್ದವರು ನಕ್ಕರು. ಹಿಂದಿನಿಂದ ಯಾರೋ, "ತೆಂಗಿನ ತೋಟದೋರೆಲ್ಲ ಹಡಗಿನೆಣ್ಣೆಗೆ ನಿಂತವ್ರೆ, ನೋಡ್ರಪ್ಪ" ಎಂದರು. ಅವ್ವ ಹಿಂದೆ ತಿರುಗದೆ, "ನಿಮ್ಮನೇಲಿ ಕೊಬ್ರಿ ಎಣ್ಣೇಲಿ ಒಗ್ಗರಣೆ ಹಾಕ್ತಾರೇನಪ್ಪ? ನಾವು ಕಳ್ಳೇಕಾಯಿ ಎಣ್ಣೆ ಬುಟ್ಟು ಬೇರೆ ತಿಂದೋರಲ್ಲ" ಎಂದಳು. ಅವ್ವ ಹೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಕೊಬ್ಬರಿ ಎಣ್ಣೆ ತಲೆಗೆ, ಅಡುಗೆಗೆ ಕಡಲೆಕಾಯಿ ಎಣ್ಣೆ. ಹಡಗಿನ ಎಣ್ಣೆ ಬಂದರೆ ಮೊದಲು ಪೆಟ್ಟು ಬೀಳುವುದು ಕಡಲೆಕಾಯಿಗೆ. ಆ ಮಾತನ್ನು ನಾನು ಅಂದಿನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ, ತಮಾಷೆ ಎಂದು. ಅದರ ಅರ್ಥವನ್ನು ಯೋಚಿಸಲಿಲ್ಲ.

ಜೂನ್ ಮೊದಲ ವಾರ ಮಾರುಕಟ್ಟೆಯಲ್ಲಿ ಒಂದೇ ಮಾತು. ಹಡಗು ಹಡಗಾಗಿ ಎಣ್ಣೆ ಬರುತ್ತಿದೆ, ಸರ್ಕಾರವೇ ತರಿಸುತ್ತಿದೆ, ಇನ್ನು ಕೊಬ್ಬರಿಯನ್ನು ಕೇಳುವವರಿಲ್ಲ. ದರ ಮೊದಲು ಸ್ವಲ್ಪ ಇಳಿಯಿತು. ಇಳಿದದ್ದು ನೋಡಿ ಜನ ಹೆದರಿ ಒಣಗಿದ ಕಾಯಿಯನ್ನೆಲ್ಲ ಅಟ್ಟದಿಂದ ಇಳಿಸಿದರು. ಎಲ್ಲರೂ ಒಟ್ಟಿಗೆ ತಂದದ್ದರಿಂದ ದರ ಇನ್ನೂ ಇಳಿಯಿತು. ನಾನು ಹರಾಜಿನ ಶನಿವಾರಗಳಂದು ಹಳ್ಳದ ಅಂಚಿನ ಹುಣಸೆ ಮರದಡಿ ಕೂತು ಗಾಡಿ ಎಣಿಸುತ್ತಿದ್ದೆ. ಬಿ.ಕಾಂ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಎಣಿಸುವುದು ಅಭ್ಯಾಸವಾಗಿತ್ತು. ಜೂನ್‌ನಲ್ಲಿ ನಮ್ಮೂರಿಂದ ಹೋದ ಗಾಡಿ ಐವತ್ತೊಂದು. ಜುಲೈನಲ್ಲಿ ನಲವತ್ನಾಲ್ಕು. ಆಗಸ್ಟ್‌ನಲ್ಲಿ ಮೂರು.

ಜೂನ್ ಜುಲೈನಲ್ಲಿ ಬಂದ ಫೀಸಿನಿಂದಲೇ ಹಳ್ಳದ ಕೆಲಸ ಶುರುವಾಯಿತು. ಎರಡು ದಡದಲ್ಲೂ ಕಲ್ಲಿನ ಗೋಡೆ ಎದ್ದವು. ಚೆನ್ನಾಗಿ ಕಟ್ಟಿದರು, ಮೂಲೆ ಕಲ್ಲುಗಳನ್ನು ಉಳಿ ಹೊಡೆದು ಕೂರಿಸಿದರು. ಆಗಸ್ಟ್ 9ರಂದು ಎರಡನೇ ಗೋಡೆ ಮುಗಿಯಿತು. ಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟು ಹಾಸುವುದು ಬಾಕಿ. ಕಂತ್ರಾಟುದಾರ ತನ್ನ ಜನ ಕರೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಊರಿನವರು ಎರಡು ವಾರ ಕಾದರು. ಆಮೇಲೆ ಮೆಂಬರಪ್ಪನ ಜಗುಲಿಗೆ ಹೋಗಿ ಕೂರತೊಡಗಿದರು.

ಆಗಸ್ಟ್ 30ರ ಶನಿವಾರ ಮೆಂಬರಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಮಾರುಕಟ್ಟೆ ಆಫೀಸಿಗೆ ಹೋದರು. "ನೀನು ಲೆಕ್ಕ ಓದಿದೋನು. ಅವ್ರೇನಂತಾರೆ ಕೇಳ್ಕೊ" ಎಂದರು. ಸೆಕ್ರೆಟರಿ ಸಾವಧಾನದ ಮನುಷ್ಯ. ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಕಿಟಕಿಯಿಂದ ಹೊಸ ಹರಾಜು ಕಟ್ಟೆ, ದೊಡ್ಡ ತಗಡಿನ ಶೆಡ್ಡು, ತೂಕದ ಮನೆ ಕಾಣುತ್ತಿದ್ದವು. ಎಲ್ಲ ಖಾಲಿ. ಶೆಡ್ಡಿನ ನೆರಳಲ್ಲಿ ಎರಡು ನಾಯಿ ಮಲಗಿದ್ದವು.

"ಮೋರಿ ನಿಂತೋಗಿದೆ ಸ್ವಾಮಿ" ಎಂದರು ಮೆಂಬರಪ್ಪ.

"ಗೊತ್ತು ಕಣ್ರೀ. ಫೀಸೇ ಬರ್ತಿಲ್ಲ."

"ಬಂದಿರೋದು ಸ್ವಲ್ಪ ಇರ್ಬೇಕಲ್ಲ?"

ಸೆಕ್ರೆಟರಿ ಕಿಟಕಿ ಕಡೆ ತೋರಿಸಿದರು. "ಅದು ನೋಡಿ. ಆ ಕಟ್ಟೆ, ಆ ಶೆಡ್ಡು, ಆ ರಸ್ತೆ. ಅದೆಲ್ಲ ಕಟ್ಟಿದ್ದು ಹೊರದೇಶದ ಸಾಲದಲ್ಲಿ. ಹೊರಗಿನ ಬ್ಯಾಂಕು ದೆಹಲಿಗೆ ಕೊಟ್ತು, ದೆಹಲಿ ಬೆಂಗಳೂರಿಗೆ ಕೊಟ್ತು, ಬೆಂಗಳೂರು ನಮಗೆ ಕೊಟ್ತು. ಕಂತು ನಾವು ಕಟ್ಟಬೇಕು. ಬಂದ ಫೀಸಿನಲ್ಲಿ ಮೊದಲು ಕಂತು. ಆಮೇಲೆ ಸಂಬಳ. ಉಳಿದದ್ದರಲ್ಲಿ ನಿಮ್ಮ ಮೋರಿ. ಕರಾರಿನಲ್ಲೇ ಹಾಗಿದೆ."

"ಆ ಕರಾರಿಗೆ ಸಮಿತಿಯೋರು ರುಜು ಹಾಕಿದ್ರಾ?"

"ಆಗ ನೀವೂ ಇರಲಿಲ್ಲ, ನಾನೂ ಇರಲಿಲ್ಲ."

"ನಾವು ಪಾಸು ಮಾಡಿರೋ ನಿರ್ಣಯ?"

"ಅದಕ್ಕೇನೂ ಆಗಿಲ್ಲ. ಅದು ಪುಸ್ತಕದಲ್ಲಿ ಹಾಗೇ ಇದೆ."

ಮೆಂಬರಪ್ಪ ಕಾಫಿ ಲೋಟ ಕೆಳಗಿಟ್ಟರು. "ನಂಗೆ ಓಟು ಹಾಕಿದ್ದು ನಮ್ಮೂರೋರು. ಹೊರದೇಸದ ಬ್ಯಾಂಕಿನೋರಲ್ಲ" ಎಂದರು. ಸೆಕ್ರೆಟರಿ ಸಿಟ್ಟಾಗಲಿಲ್ಲ. ಒಂದು ದಾರಿ ಹೇಳಿದರು. ಸೆಪ್ಟೆಂಬರ್ ಕೊನೆಗೆ ಮೂರು ತಿಂಗಳ ಲೆಕ್ಕ ಮುಗಿಯುತ್ತದೆ. ಅಷ್ಟರಲ್ಲಿ ಕಂತಿಗೂ ಸಂಬಳಕ್ಕೂ ಸಾಕಾಗಿ ಮೇಲೆ ಫೀಸು ಬಂದರೆ, ಆ ಮೇಲಿನದನ್ನು ನಮ್ಮ ಮೋರಿಗೇ ಕೊಡಲು ಅವರ ಅಭ್ಯಂತರವಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಾಗದ ತೆಗೆದೆ. ಫೀಸು ಎಷ್ಟು ಬೇಕು, ಅದಕ್ಕೆ ಎಷ್ಟು ಕೊಬ್ಬರಿ ಹರಾಜಾಗಬೇಕು, ನಮ್ಮೂರು ಮತ್ತು ಅದೇ ಹಳ್ಳ ದಾಟುವ ಪಕ್ಕದ ಎರಡು ಊರುಗಳ ಅಟ್ಟದಲ್ಲಿ ಎಷ್ಟು ಕಾಯಿ ಇರಬಹುದು. ಬಸ್ಸಿಳಿಯುವ ಹೊತ್ತಿಗೆ ಲೆಕ್ಕ ಕೂಡಿತ್ತು. ಮೂರೂ ಊರು ಅಟ್ಟ ಖಾಲಿ ಮಾಡಿದರೆ ಕಾಂಕ್ರೀಟು ಬೀಳುತ್ತದೆ. ಮೆಂಬರಪ್ಪನಿಗೆ ತೋರಿಸಿದಾಗ ಅವರು ನನ್ನ ಬೆನ್ನು ತಟ್ಟಿದರು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಆ ಲೆಕ್ಕ ನನ್ನದು. ಅದರಲ್ಲಿ ಕಾಯಿ ಎಷ್ಟು ಎಂದಿತ್ತು. ಅಟ್ಟಕ್ಕೆ ಏರಿ ಎಷ್ಟು ತಿಂಗಳಾಯಿತು ಎಂಬ ಕಾಲಮ್ಮು ಇರಲಿಲ್ಲ.

ಒಣಗಿದ ಕಾಯಿಯೆಲ್ಲ ಜೂನ್ ಜುಲೈನಲ್ಲೇ ಮಾರಿ ಹೋಗಿತ್ತಲ್ಲ. ಅಟ್ಟದಲ್ಲಿ ಉಳಿದಿದ್ದದ್ದು ಜನವರಿ ಫೆಬ್ರವರಿಯಲ್ಲಿ ಏರಿಸಿದ ಕಾಯಿ. ಏಳೆಂಟು ತಿಂಗಳಿನದು.

ಸೆಪ್ಟೆಂಬರ್ 4ರ ಸಂಜೆ ಅರಳಿಕಟ್ಟೆಯಲ್ಲಿ ಮೂರೂ ಊರಿನ ಮನೆ ಯಜಮಾನರು ಸೇರಿದರು. ಮೆಂಬರಪ್ಪ ವಿಷಯ ಹೇಳಿದರು, ನಾನು ಲೆಕ್ಕ ಓದಿದೆ. ಒಬ್ಬರು, "ದರ ಬಿದ್ದೋಗೈತೆ, ಈಗ ಯಾಕ್ಲಾ ಇಳಿಸೋದು?" ಎಂದರು. ಇನ್ನೊಬ್ಬರು, "ಇನ್ನೂ ಬೀಳ್ತದೆ ಅಂತಾರೆ. ಇನ್ನಷ್ಟು ಹಡಗು ಬರ್ತಾವಂತೆ. ಕಾದು ಏನು ಕಡಿಯೋದು? ಮೋರಿನಾದ್ರೂ ಆಯ್ತದೆ" ಎಂದರು. ಈ ಎರಡನೇ ಮಾತೇ ಎಲ್ಲರ ಒಳಗೂ ಇತ್ತು. ಅಪ್ಪ ಮಾತ್ರ ಕೊನೆಗೆ ಎದ್ದು, "ಕಾಯಿ ಇನ್ನೂ ಲೊಡ ಅಂತಿಲ್ಲ" ಎಂದರು. ನಾನು ಎಲ್ಲರೆದುರು ಉತ್ತರ ಕೊಟ್ಟೆ. "ಕಾಲು ಭಾಗ ಅಂತಾವೆ ಅಪ್ಪ. ಉಳಿದದ್ದನ್ನ ಒಡೆದು ಒಂದು ವಾರ ಬಿಸಿಲಿಗೆ ಹಾಕೋಣ." ಅಪ್ಪ ನನ್ನ ಮುಖ ನೋಡಿದರು. ಅವರಿಗೂ ಹತ್ತೊಂಬತ್ತು ಎಂಬ ಸಂಖ್ಯೆ ನೆನಪಿತ್ತು ಎಂದು ಕಾಣುತ್ತದೆ. "ಆಯ್ತು ಬುಡು. ನಾನೂ ಇಳಿಸ್ತೀನಿ" ಎಂದು ಕೂತರು. ಅಪ್ಪನ ಕಿವಿಯನ್ನು ಊರು ನಂಬುತ್ತಿತ್ತು. ಕಾಯಿ ಅಲ್ಲಾಡಿಸಿ ಹದಿನೈದು ದಿನ ಬೇಕು, ತಿಂಗಳು ಬೇಕು ಎಂದು ಹೇಳುವ ಮನುಷ್ಯ. ಅವರೇ ಒಪ್ಪಿದ ಮೇಲೆ ಬೇರೆಯವರು ಮಾತಾಡಲಿಲ್ಲ.

ಮರುದಿನದಿಂದ ಊರಿನ ಪ್ರತಿ ಅಂಗಳದಲ್ಲೂ ಸುಲಿಯುವ ಸಲಾಕೆ ನೆಟ್ಟರು. ತಂಗಿ ಸ್ಕೂಲಿಂದ ಬಂದು ಚಿಪ್ಪು ಒಡೆಯಲು ಕೂರುತ್ತಿದ್ದಳು. ಹದವಾದ ಕಾಯಿಯ ಚಿಪ್ಪು ಕತ್ತಿಯ ಒಂದು ಏಟಿಗೆ ಬಿಟ್ಟು ಉಂಡೆ ಕೈಗೆ ಬರುತ್ತದೆ. ಇವು ಬರಲಿಲ್ಲ. ತಿರುಳು ಚಿಪ್ಪಿಗೆ ಅಂಟಿಕೊಂಡಿತ್ತು, ಕೆತ್ತಿ ತೆಗೆಯಬೇಕಾಯಿತು. ತಂಗಿ ಒಂದು ಉಂಡೆ ಕೈಯಲ್ಲಿ ಹಿಡಿದು, "ಅಣ್ಣ, ಇದು ಒಳ್ಗೆ ತಣ್ಣಗೈತೆ" ಎಂದಳು. ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಎಂದೆ. ಹತ್ತನೇ ತಾರೀಕಿನಿಂದ ಮೋಡ ಕವಿಯಿತು. ಬಿಸಿಲು ಬಿದ್ದದ್ದು ಎರಡೂವರೆ ದಿನ.

ಸೆಪ್ಟೆಂಬರ್ 20, ಶನಿವಾರ. ನಮ್ಮೂರಿಂದ ಹೋದ ಗಾಡಿ ಇಪ್ಪತ್ತೊಂಬತ್ತು. ನಾನು ಎಣಿಸಿದ ದಿನಗಳಲ್ಲೆಲ್ಲ ಅದೇ ಹೆಚ್ಚು. ಹರಾಜು ಕಟ್ಟೆ ತುಂಬಿತು. ಸೆಕ್ರೆಟರಿಯೇ ಹೊರಗೆ ಬಂದು ನೋಡಿದರು. ಖರೀದಿದಾರರು ರಾಶಿಯಿಂದ ರಾಶಿಗೆ ಬಂದರು. ಅಪ್ಪನ ರಾಶಿಯ ಮುಂದೆ ಒಬ್ಬ ಸಾಹುಕಾರರು ಕುಕ್ಕರಗಾಲಲ್ಲಿ ಕೂತು ಒಂದು ಉಂಡೆ ಎತ್ತಿ, ಜೇಬಿನ ಚಾಕುವಿನಿಂದ ಎರಡು ಹೋಳು ಮಾಡಿ, ಒಳಗೆ ಹೆಬ್ಬೆರಳು ಒತ್ತಿದರು. ಬೆರಳು ಒದ್ದೆಯಾಯಿತು. ಅಂಚಿಗೆ ಆಗಲೇ ಹಸಿರು ಬೂಷ್ಟು.

"ಏನ್ ಯಜಮಾನ್ರೆ, ಇಷ್ಟು ವರ್ಷ ನಿಮ್ಮ ಮಾಲು ಕಣ್ಣು ಮುಚ್ಚಿ ತಗೊಂಡಿದೀನಿ" ಎಂದರು.

ಅಪ್ಪ ಆ ಹೋಳನ್ನು ಇಸಿದುಕೊಂಡು ಮೂಸಿದರು.

"ಇದನ್ನ ಉತ್ತರಕ್ಕೆ ಕಳಿಸಿದ್ರೆ ದಾರೀಲೇ ಕೊಳೆಯುತ್ತೆ ಕಣ್ರೀ. ಗಾಣಕ್ಕೇ ಹಾಕ್ಬೇಕು."

ರಾಶಿಗೊಂದು ಉಂಡೆ ಕೊಯ್ದು ಎಲ್ಲರ ಮಾಲನ್ನೂ ಎಣ್ಣೆ ಕೊಬ್ಬರಿ ಎಂದು ಬರೆದರು. ಹಡಗಿನೆಣ್ಣೆಯ ಹೆದರಿಕೆ ನಿಜವಾಗಿ ಇದ್ದದ್ದು ಆ ಎಣ್ಣೆ ಕೊಬ್ಬರಿಗೇ. ತಿನ್ನುವ ಕೊಬ್ಬರಿಯನ್ನು ಯಾವ ಹಡಗೂ ತಂದಿರಲಿಲ್ಲ. ಒಣಗುವ ಮೊದಲೇ ಇಳಿಸಿ ನಾವೇ ಹಡಗಿಗೆ ಎದುರಾಗಿ ಹೋಗಿ ನಿಂತೆವು. ಫೀಸು ತೂಕದ ಮೇಲಲ್ಲ, ಬೆಲೆಯ ಮೇಲೆ. ಗಾಡಿ ಇಪ್ಪತ್ತೊಂಬತ್ತಾದರೂ ಫೀಸು ಕಂತಿನ ಹತ್ತಿರವೂ ಬರಲಿಲ್ಲ. ಮುಂದಿನ ಶನಿವಾರಕ್ಕೆ ಅಟ್ಟಗಳಲ್ಲಿ ಏನೂ ಇರಲಿಲ್ಲ.

ವಾಪಸು ಬರುವಾಗ ಖಾಲಿ ಗಾಡಿಯಲ್ಲಿ ಅಪ್ಪ, ನಾನು ಇಬ್ಬರೇ. ಅರ್ಧ ದಾರಿಯಲ್ಲಿ ಅವರು ಎತ್ತುಗಳಿಗೆ ನೀರು ಕುಡಿಸಿದರು. ಆಮೇಲೆ, "ನಿನ್ನ ಲೆಕ್ಕ ಸರಿಯಾಗೇ ಇತ್ತು ಕಣಪ್ಪ. ನಾನೂ ಒಪ್ದೆನಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 22ರಿಂದ ಹಳ್ಳ ಬಂತು. ಕಂದು ನೀರು ಎರಡು ಹೊಸ ಗೋಡೆಗಳ ನಡುವೆ ಹರಿಯಿತು. ಗೋಡೆಗಳು ಕದಲಲಿಲ್ಲ. ಅಕ್ಟೋಬರ್ 4ರ ಹೊತ್ತಿಗೆ ತಂಗಿಯ ಹತ್ತೊಂಬತ್ತರಲ್ಲಿ ಹತ್ತು ಮುಗಿದಿತ್ತು. ಒಂಬತ್ತು ಉಳಿದಿತ್ತು, ಮಳೆಗಾಲ ಇನ್ನೂ ಆರು ವಾರ. ಅವಳು ಪುಸ್ತಕ ತೆಗೆದು ಓದುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಆ ಶನಿವಾರ ಸಂಜೆ ಮೆಂಬರಪ್ಪ ನಮ್ಮ ಜಗುಲಿಗೆ ಬಂದು ಅಪ್ಪನ ಜೊತೆ ಕೂತಾಗ ಅವಳೇ ಹೊರಗೆ ಬಂದಳು.

"ಮಾವ, ಗೋಡೆ ಎರಡೂ ನಿಂತವೆ. ಅವುಗಳ ಮೇಲೆ ಮರ ಹಾಕಕ್ಕಾಗಲ್ವಾ?"

"ಹಾಕ್ಬಾರ್ದಂತೆ ಕಣವ್ವ. ಇಂಜಿನಿಯರ್ರು ಹೇಳವ್ರೆ. ಕೆಲ್ಸ ಪೂರ್ತಿ ಆಗೋಗಂಟ ಅದು ಕಂತ್ರಾಟುದಾರನ ವಶ. ಸಮಿತಿ ನಿರ್ಣಯ ಇಲ್ದೆ ಒಂದು ಕಲ್ಲು ಅಲ್ಲಾಡ್ಸಂಗಿಲ್ಲ."

"ಅಲ್ಲಾಡ್ಸದಲ್ಲ. ಮೇಲೆ ಇಡೋದು."

ಮೆಂಬರಪ್ಪ ನಕ್ಕರು. ಅಪ್ಪನ ಕಡೆ ತಿರುಗಿ, "ಇವಳ್ನ ಸಮಿತಿಗೆ ನಿಲ್ಲಿಸ್ಬೇಕಿತ್ತು" ಎಂದರು. ಸ್ವಲ್ಪ ಹೊತ್ತಾದ ಮೇಲೆ ನಗು ನಿಂತಿತು. "ನೋಟೀಸು ಬತ್ತದೆ" ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. "ಬರ್ಲಿ ಬುಡು."

ಅಕ್ಟೋಬರ್ 5, ಭಾನುವಾರ. ಮೆಂಬರಪ್ಪ ತಮ್ಮ ತೋಟದಲ್ಲಿ ಫಲ ಬಿಡುವುದು ನಿಲ್ಲಿಸಿದ್ದ ಎರಡು ತೆಂಗಿನ ಮರ ಕಡಿಸಿದರು. ಅಪ್ಪ ಒಂದು ಕೊಟ್ಟರು. ಹನ್ನೊಂದು ಜನ, ನಾಲ್ಕು ಜೊತೆ ಎತ್ತು. ಮೂರು ಕಾಂಡಗಳನ್ನು ಹಗ್ಗ ಕಟ್ಟಿ ಎಳೆದು ಗೋಡೆಯಿಂದ ಗೋಡೆಗೆ ಒತ್ತಾಗಿ ಹಾಸಿದರು, ತೆಂಗಿನ ನಾರಿನ ಹಗ್ಗದಲ್ಲೇ ಬಿಗಿದರು. ಒಂದು ಕಡೆ ಹಿಡಿದುಕೊಳ್ಳಲು ಬಿದಿರು. ಮಧ್ಯಾಹ್ನ ಮೂರು ಗಂಟೆಗೆ ಮುಗಿಯಿತು. ಗಾಡಿ ಹೋಗುವಂತಿಲ್ಲ, ಮನುಷ್ಯರು ಹೋಗಬಹುದು. ಸೋಮವಾರ ತಂಗಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳು. ಲಂಗ ನೆನೆಯಲಿಲ್ಲ.

ಹದಿನೇಳನೇ ದಿನಕ್ಕೆ ನೋಟೀಸು ಬಂತು, ಮುಗಿಯದ ಸರ್ಕಾರಿ ಕಾಮಗಾರಿಯ ಮೇಲೆ ಅನುಮತಿಯಿಲ್ಲದೆ ಭಾರ ಹೇರಿದ್ದಕ್ಕೆ ಕಾರಣ ಕೇಳಿ. ಮೆಂಬರಪ್ಪ ನನ್ನಿಂದ ಉತ್ತರ ಬರೆಸಿದರು. ಕಾರಣ ಎಂಬಲ್ಲಿ "ಹಳ್ಳ ಬಂದಿತ್ತು" ಎಂದಷ್ಟೇ ಬರೆಯಲು ಹೇಳಿದರು. ಆಮೇಲೆ ಅದರ ಸುದ್ದಿ ಬರಲಿಲ್ಲ.

ಅಲ್ಲಿಂದ ಪರೀಕ್ಷೆಯವರೆಗೆ ತಂಗಿ ತಪ್ಪಿಸಿದ್ದು ನಾಲ್ಕು ದಿನ, ಅದರಲ್ಲಿ ಎರಡು ನೆಗಡಿ. ಐದು ದಿನ ಉಳಿಸಿಕೊಂಡು ಪರೀಕ್ಷೆಗೆ ಕೂತಳು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಈಗ ತಿಪಟೂರಿನಲ್ಲಿ ಪಿಯುಸಿ. ಸೋದರತ್ತೆಯ ಕಡೆಯವರು ಬೇರೆ ಹುಡುಗಿಯನ್ನು ನೋಡಿಕೊಂಡರು.

ಸಂತೋಷದ ವಿಷಯ ಇಷ್ಟು. ಫೆಬ್ರವರಿಗೆ ಉಂಡೆ ಕೊಬ್ಬರಿಯ ದರ ಮೊದಲಿಗಿಂತ ಮೇಲೆ ಹೋಯಿತು. ರೇಶನ್ ಅಂಗಡಿಯ ಎಣ್ಣೆ ಆಗಲೂ ಬರುತ್ತಿತ್ತು, ಹಡಗುಗಳೂ ಬರುತ್ತಿದ್ದವು. ಮಾಯಸಂದ್ರದ ಕಡೆ ನಮ್ಮ ನೆಂಟರು ಅಟ್ಟ ಇಳಿಸದೆ ಕಾದಿದ್ದರು, ಅವರಿಗೆ ಒಳ್ಳೆಯ ಬೆಲೆ ಸಿಕ್ಕಿತು. ನಮ್ಮೂರಿಗೆ ಮಾರಲು ಏನೂ ಇರಲಿಲ್ಲ. ಮುಂದಿನ ಚುನಾವಣೆಯಲ್ಲಿ ಮೆಂಬರಪ್ಪ ಸೋತರು. ಹಸಿ ಕೊಬ್ಬರಿ ಇಳಿಸಿದರು, ಮೋರಿ ಮುಗಿಸಲಿಲ್ಲ ಎಂದು ಜನ ಹೇಳಿದರು. ಎರಡೂ ನಿಜ. ನಮ್ಮೂರಿನಲ್ಲೇ ಅವರಿಗೆ ಓಟು ಕಡಿಮೆ ಬಿತ್ತು. ಲೆಕ್ಕ ನನ್ನದು ಎಂದು ನಾನು ಅರಳಿಕಟ್ಟೆಯಲ್ಲಿ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಅವರ ಮನೆಗೆ ಹೋಗಿ ಹೇಳಿದೆ. ಅವರು ದನಕ್ಕೆ ಹುಲ್ಲು ಹಾಕುತ್ತಾ, "ನಿಂಗೆ ಓಟಿತ್ತಲ್ಲ, ನಂಗೆ ಹಾಕ್ದ್ಯಾ?" ಎಂದರು. ಹಾಕಿದೆ ಎಂದೆ. "ಸಾಕು ಬುಡು" ಎಂದರು.

ಆಮೇಲೆ ನಾನು ವಿಚಾರಿಸುತ್ತಾ ಹೋದೆ. ಹಡಗಿನೆಣ್ಣೆ ಯಾವಾಗ, ಎಷ್ಟು ಬರುತ್ತದೆ ಎಂದು ಯಾರು ತೀರ್ಮಾನಿಸುತ್ತಾರೆ ಎಂದು ರೇಶನ್ ಅಂಗಡಿಯವನನ್ನು ಕೇಳಿದೆ. ತಾಲ್ಲೂಕಾಫೀಸು ಎಂದ. ತಾಲ್ಲೂಕಾಫೀಸಿನ ಗುಮಾಸ್ತರು ತುಮಕೂರು ಎಂದರು. ತುಮಕೂರಿನಲ್ಲಿ ಬೆಂಗಳೂರು ಎಂದರು. ಬೆಂಗಳೂರಿಗೆ ಒಂದು ಕಾಗದ ಬರೆದೆ, ಅದು ಕೇಂದ್ರದ ವಿಷಯ ಎಂದು ಎರಡು ಸಾಲಿನ ಉತ್ತರ ಬಂತು. ದೆಹಲಿಗೆ ಬರೆದದ್ದಕ್ಕೆ ಉತ್ತರವಿಲ್ಲ. ಕಂತಿನ ವಿಷಯಕ್ಕೂ ಇದೇ ದಾರಿ, ಇದೇ ನಿಲ್ದಾಣಗಳು. ಯಾರೂ ನನಗೆ ಸುಳ್ಳು ಹೇಳಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರನ್ನು ತೋರಿಸಿದರು. ಅರವತ್ತೆರಡು ಮನೆಯವರು ಕೈ ಹಿಡಿದು ಕೇಳಬಹುದಾದ ಸ್ಥಳದಲ್ಲಿ ಇದ್ದವರು ಮೆಂಬರಪ್ಪ ಒಬ್ಬರೇ. ಅವರಿಗೆ ಎಣ್ಣೆ, ಕಂತು ಎರಡರ ಮೇಲೂ ಯಾವ ಅಧಿಕಾರವಿರಲಿಲ್ಲ.

ಕಡಲೆಕಾಯಿ ಎಣ್ಣೆಗೆ ಕೈ ಹಾಕಲಾರದ ಮನೆಗಳು ಹಡಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿದವು, ಅದನ್ನೂ ಬರೆಯಬೇಕು. ಸಾಲದಲ್ಲಿ ಕಟ್ಟಿದ ಶೆಡ್ಡಿನಿಂದಾಗಿ ನಮ್ಮ ಕೊಬ್ಬರಿ ಮಳೆಯಲ್ಲಿ ನೆನೆಯುವುದು ತಪ್ಪಿತು, ತೂಕದಲ್ಲಿ ಮೋಸ ಕಡಿಮೆಯಾಯಿತು. ಎಣ್ಣೆ ಬರಬಾರದಿತ್ತು, ಸಾಲ ತರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಬರುವ ಮೊದಲು ಒಂದು ಮಾತು ನಮ್ಮ ಅಟ್ಟದವರೆಗೆ ಬರಬಹುದಿತ್ತು.

ಮೋರಿಗೆ ಇನ್ನೂ ಕಾಂಕ್ರೀಟು ಬಿದ್ದಿಲ್ಲ. ಈ ವರ್ಷ ನಮ್ಮೂರಿನಿಂದ ಹೈಸ್ಕೂಲಿಗೆ ಹೋಗುತ್ತಿರುವ ಹುಡುಗಿಯರು ಐವರು. ನಡುವಿನ ಕಾಂಡ ಒಳಗಿನಿಂದ ಟೊಳ್ಳಾಗಿದೆ. ಕಳೆದ ವಾರ ಅಪ್ಪ ಕೋಲಿನಿಂದ ಬಡಿದು ನೋಡಿ ಮುಂದಿನ ಮಳೆಗಾಲ ತಡೆಯುವುದಿಲ್ಲ ಎಂದರು. ಹಳ್ಳ ಬರುವ ಕಾಲಕ್ಕೆ ಐದೂವರೆ ತಿಂಗಳಿದೆ. ಸಮಿತಿಯ ಪುಸ್ತಕದಲ್ಲಿ ನಿರ್ಣಯ ಈಗಲೂ ಇದೆಯಂತೆ, ಕಂತೂ ಮೊದಲಿನ ಹಾಗೆಯೇ ಇದೆ.

ಆದ್ದರಿಂದ ಇದನ್ನು ಓದುವವರಲ್ಲಿ ಬಂದರಿನ ಕೆಲಸದವರು, ಬೆಂಗಳೂರು ದೆಹಲಿಯ ಕಚೇರಿಗಳಲ್ಲಿ ಇದ್ದವರು, ಬೇರೆ ಪೇಟೆಗಳ ಮಾರುಕಟ್ಟೆ ಸಮಿತಿಯಲ್ಲಿ ಕೂತವರು ಇದ್ದರೆ ಅವರಲ್ಲಿ ನನ್ನ ಪ್ರಶ್ನೆ ಎರಡು. ಫೀಸು ಬಾರದ ವರ್ಷ ಕಂತನ್ನು ಮುಂದಕ್ಕೆ ಹಾಕಿಸಿಕೊಂಡ ಸಮಿತಿ ಯಾವುದಾದರೂ ಇದೆಯೇ, ಇದ್ದರೆ ಅವರು ಯಾರಿಗೆ ಅರ್ಜಿ ಬರೆದರು? ಎಣ್ಣೆ ತರಿಸುವ ತೀರ್ಮಾನವನ್ನು ಬೆಳೆಗಾರರಿಗೆ ಮುಂಚಿತವಾಗಿ ತಿಳಿಸುವ ಏರ್ಪಾಡು ಎಲ್ಲಾದರೂ ಇದೆಯೇ? ಗೊತ್ತಿದ್ದವರು ದಯವಿಟ್ಟು ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಆಗಸ್ಟ್ ಕೊನೆಗೆ ಮೊದಲು ತಲುಪಿದರೆ ಉಪಯೋಗಕ್ಕೆ ಬರುತ್ತದೆ.